ಪಕ್ಕದ ಕೋಣೆಯ ಚಿಕ್ಕ ಪೆಟ್ಟಿಗೆ

ಮೊನ್ನೆ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಅಡುಗೆಮನೆ ಕಪಾಟಿನ ಬಾಗಿಲು ಸರಿಮಾಡಲು ಬಡಗಿ ಬಂದಿದ್ದ. ಈಗಿನವರು ಎಲ್ಲದಕ್ಕೂ ಪ್ಲೈವುಡ್ ಹೊತ್ತು ತರುತ್ತಾರೆ. ಇವನು ಎಲ್ಲಿಂದಲೋ ಒಂದು ಮಾವಿನ ಹಲಗೆ ತಂದು ವರಾಂಡದಲ್ಲಿಟ್ಟು ತೋಪಡ ಹೊಡೆದು ನುಣುಪು ಮಾಡತೊಡಗಿದ. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇಂಗು ಸಾಸಿವೆಯ ಘಾಟನ್ನೂ ದಾಟಿಕೊಂಡು ಆ ವಾಸನೆ ಒಳಗೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಅಂಥ ಒಂದು ಬೆಚ್ಚನೆಯ ಹಳೇ ಗಾಳಿ. ಸೌಟು ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಬಡಗಿ ಬಾಗಿಲಲ್ಲಿ ನಿಂತು, ಯಾಕಕ್ಕಾ, ಹೊಟ್ಟು ಒಳಗೆ ಬರ್ತಾ ಇದೆಯಾ ಅಂತ ಕೇಳಿದ. ಇಲ್ಲಪ್ಪ ಅಂದೆ. ಆ ವಾಸನೆಯೊಳಗೆ ನಾನು ಒಂಬತ್ತನೇ ವಯಸ್ಸಿನಲ್ಲಿ ಉದ್ದಕ್ಕೆ ಮಲಗಿ ನೋಡಿದ್ದೆ ಅಂತ ಅವನಿಗೆ ಹೇಗೆ ಹೇಳಲಿ?

ಭದ್ರಾವತಿಯ ಜನ್ನಾಪುರದಲ್ಲಿ ನನ್ನ ತಾತನ ಮನೆ ಇತ್ತು. ಅಪ್ಪನದು ಊರೂರು ಸುತ್ತುವ ನೌಕರಿ, ಅಮ್ಮ ಅವರ ಜೊತೆ. ನನ್ನ ಓದು ಕೆಡಬಾರದೆಂದು ನನ್ನನ್ನು ತಾತ ಅಜ್ಜಿಯ ಹತ್ತಿರ ಬಿಟ್ಟು ಕಾನ್ವೆಂಟಿಗೆ ಸೇರಿಸಿದ್ದರು. ತಾತ ಕಾರ್ಖಾನೆಯಲ್ಲಿ ಮರಗೆಲಸದ ಮೇಸ್ತ್ರಿಯಾಗಿದ್ದು ರಿಟೈರ್ ಆದವರು. ನಮ್ಮದು ಬ್ಯಾಪ್ಟಿಸ್ಟ್ ಸಭೆ, ಸಿಮೆಂಟ್ ಶೀಟಿನ ಒಂದು ಪ್ರಾರ್ಥನಾ ಮಂದಿರ, ಎಣಿಸಿದರೆ ಮೂವತ್ತು ಮನೆ. ಆ ಚಿಕ್ಕ ಸಭೆಗೆ ಒಂದು ಕಟ್ಟಳೆ ಇತ್ತು. ಊರಿನಲ್ಲಿ ಯಾರಾದರೂ ಗತಿಯಿಲ್ಲದವರು ತೀರಿಕೊಂಡರೆ, ಅವರು ಯಾವ ಜಾತಿ, ಯಾವ ದೇವರು ಅಂತ ಕೇಳದೆ ಒಂದು ಪೆಟ್ಟಿಗೆ ಕೊಟ್ಟು, ಹೆಗಲು ಕೊಟ್ಟು, ಮಣ್ಣಿಗೆ ಮುಟ್ಟಿಸಿ ಬರಬೇಕು. ಅದಕ್ಕೆಂದು ಯಾವಾಗಲೂ ಒಂದು ಪೆಟ್ಟಿಗೆ ಸಿದ್ಧವಿರಬೇಕು. ಒಂದು ಹೊರಗೆ ಹೋದ ಮಾರನೇ ದಿನ ತಾತ ಇನ್ನೊಂದಕ್ಕೆ ಮಾವಿನ ಹಲಗೆ ಕೊಯ್ಯುತ್ತಿದ್ದರು. ಅದು ಇರುತ್ತಿದ್ದದ್ದು ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ, ಎರಡು ಸ್ಟೂಲಿನ ಮೇಲೆ. ಅದರ ಮುಚ್ಚಳದ ಮೇಲೆ ಅಜ್ಜಿ ಹಳೇ ಸೀರೆ ಹಾಸಿ ಹಪ್ಪಳ ಆರಹಾಕುತ್ತಿದ್ದರು. ಬಂದವರು ಮುಖ ಸಿಂಡರಿಸಿದರೆ, ಅದು ಬರೀ ಮರ ಕಣ್ರೀ, ಒಳಗೆ ಯಾರೂ ಇಲ್ಲ, ಬೇಕಿದ್ರೆ ತಟ್ಟಿ ನೋಡಿ ಅನ್ನುತ್ತಿದ್ದರು. ಯಾರೂ ತಟ್ಟುತ್ತಿರಲಿಲ್ಲ.

ತಾತ ಅಳತೆ ಪಟ್ಟಿ ಹಿಡಿದು ಯಾರನ್ನೂ ಅಳೆದವರಲ್ಲ. ಮನುಷ್ಯರನ್ನು ಒಂದು ಸಲ ನೋಡಿದರೆ ಸಾಕು, ಉದ್ದ ಅಗಲ ಅವರ ಕೈಗೆ ಇಳಿದುಬಿಡುತ್ತಿತ್ತು. ಇದು ಇಡೀ ಬೀದಿಗೆ ಗೊತ್ತಿತ್ತು. ತಾತ ಸಂಜೆ ವಾಕಿಂಗ್ ಹೊರಟರೆ ಬಸ್‌ಸ್ಟಾಪಿನ ಹತ್ತಿರ ನಿಂತ ಗಂಡಸರು ನಗುತ್ತಲೇ ಕುಳಿತುಕೊಳ್ಳುತ್ತಿದ್ದರು. ಸೆಟೆದು ನಿಂತವರು ಸ್ವಲ್ಪ ಬೆನ್ನು ಬಗ್ಗಿಸುತ್ತಿದ್ದರು. ಮೇಸ್ತ್ರಿ ಕಣ್ಣಿಗೆ ಬೀಳಬೇಡ ಮಾರಾಯ, ಅಳತೆ ಬರ್ಕೊಂಡ್ರು ಅಂದ್ರೆ ಕೆಲಸ ಕೆಡ್ತು ಅಂತ ಮಟನ್ ಅಂಗಡಿಯವನು ಗಿರಾಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ತಮಾಷೆಯೇ. ಆದರೆ ಹಾಗೆ ಹೇಳಿದವನು ಕೂಡ ತಾತ ಹತ್ತಿರ ಬಂದಾಗ ತಕ್ಕಡಿಯ ಹಿಂದೆ ಸರಿದು ಅರ್ಧ ಮರೆಯಾಗಿದ್ದ.

ಮಂಗಳವಾರ ನಮ್ಮ ಸಭೆಯವರು ಬಸ್ಸು ಹತ್ತಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದರು. ಹಾಲಿನ ಕ್ಯಾನಿನಲ್ಲಿ ಗಂಜಿ, ಇನ್ನೊಂದು ಚೀಲದಲ್ಲಿ ಲೋಟಗಳು. ಅಜ್ಜಿಯ ಕೈಚೀಲದಲ್ಲಿ ಕೊಬ್ಬರಿ ಎಣ್ಣೆಯ ಸೀಸೆ, ಬಾಚಣಿಗೆ. ನೋಡುವವರಿಲ್ಲದ ಹೆಂಗಸರಿಗೆ, ಮಕ್ಕಳಿಗೆ ತಲೆ ಬಾಚಿ ಜಡೆ ಹಾಕಿ ಬರುವುದು ಅವರ ಪಾಲಿನ ಕೆಲಸ. ಕ್ಯಾನ್ ಹೊರುವುದು ತಾತ. ಗುರುವಾರ ಮಧ್ಯಾಹ್ನ ಸ್ತ್ರೀಯರ ಕೂಟ ನಮ್ಮ ಮನೆಯಲ್ಲಿ. ಪ್ರಾರ್ಥನೆ ಮುಗಿಸಿ, ಟೀ ಕುಡಿದು, ಪೆಟ್ಟಿಗೆಯ ಒಳಕ್ಕೆ ಬಿಳಿ ಬಟ್ಟೆ ಹೊಲಿಯುತ್ತಿದ್ದರು. ತಲೆಯಡಿ ಇಡುವ ಪುಟ್ಟ ದಿಂಬಿಗೆ ತಾತನ ತೋಪಡದಿಂದ ಬಿದ್ದ ಮರದ ಸುರುಳಿ ತುಂಬುವುದು ನನ್ನ ಕೆಲಸ. ಗ್ರೇಸ್ ಆಂಟಿ ಅಂತ ಒಬ್ಬರಿದ್ದರು, ತುಂಬಾ ದಪ್ಪ, ನಕ್ಕರೆ ಚಾಪೆಯೇ ಅಲುಗಾಡುತ್ತಿತ್ತು. ಮೇಸ್ತ್ರಿಗಳೇ, ನನ್ನ ಲೆಕ್ಕಕ್ಕೆ ಎರಡು ಹಲಗೆ ಜಾಸ್ತಿ ಎತ್ತಿಡಿ, ಆಮೇಲೆ ಮುಚ್ಚಳ ಕೂರಲಿಲ್ಲ ಅಂತ ನನ್ನ ಮೇಲೆ ಕೂತ್ಕೋಬೇಡಿ ಅನ್ನುತ್ತಿದ್ದರು. ತಾತ ತಲೆ ಎತ್ತುತ್ತಿರಲಿಲ್ಲ, ಮೀಸೆಯಲ್ಲೇ ನಗುತ್ತಿದ್ದರು.

ನನ್ನ ಒಂಬತ್ತನೇ ವಯಸ್ಸಿನ ಮಾರ್ಚಿನಲ್ಲಿ ಒಂದು ಗುರುವಾರ ಹೆಂಗಸರು ಸೂಜಿ ದಾರ ಹಿಡಿದು ಪಕ್ಕದ ಕೋಣೆಗೆ ಹೋದರು, ನಾನೂ ಹಿಂದೆ ಹೋದೆ. ದೊಡ್ಡ ಪೆಟ್ಟಿಗೆ ಯಾವಾಗಿನ ಜಾಗದಲ್ಲೇ ಇತ್ತು. ಅದರ ಪಕ್ಕ, ನೆಲದ ಮೇಲೆ, ಇನ್ನೊಂದಿತ್ತು. ಚಿಕ್ಕದು. ಮುಚ್ಚಳದ ಅಂಚನ್ನು ತಾತ ಎಷ್ಟು ನುಣುಪು ಮಾಡಿದ್ದರೆಂದರೆ ಕಿಟಕಿಯ ಬೆಳಕು ಅದರ ಮೇಲೆ ಎಣ್ಣೆ ಸವರಿದ ಹಾಗೆ ನಿಂತಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು, ಅವಳ ದನಿ ಬಹಳ ದೂರದಿಂದ ಬಂದ ಹಾಗಿತ್ತು. ಗ್ರೇಸ್ ಆಂಟಿ ಮೊದಲು ಪೆಟ್ಟಿಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು, ತಕ್ಷಣ ಕಣ್ಣು ಕಿತ್ತುಕೊಂಡು ತಮ್ಮ ಸೂಜಿಗೆ ದಾರ ಪೋಣಿಸತೊಡಗಿದರು. ಸೂಜಿಗೆ ಆಗಲೇ ದಾರವಿತ್ತು. ಅಜ್ಜಿ ಒಳಗಿನಿಂದ ಒಂದು ಬೆಡ್‌ಶೀಟ್ ತಂದು ಅದರ ಮೇಲೆ ಹೊದಿಸಿದರು, ನಿದ್ದೆ ಹೋದವರಿಗೆ ಹೊದಿಸುವ ಹಾಗೆ. ಅಡುಗೆಮನೆಯಲ್ಲಿ ಅವರು ತಾತನನ್ನು ಪಿಸುದನಿಯಲ್ಲಿ ತರಾಟೆಗೆ ತೆಗೆದುಕೊಂಡಿದ್ದು ನನಗೆ ಕೇಳಿಸಿತು. ಮನೆಯಲ್ಲಿ ಒಂದು ಹೆಣ್ಣುಮಗು ಓಡಾಡಿಕೊಂಡಿದೆ, ಯಾರು ಕೇಳಿದ್ರು ನಿಮ್ಮನ್ನ ಅಂದರು ಅಜ್ಜಿ. ಹಲಗೆ ಉಳಿದಿತ್ತು ಅಂದರು ತಾತ. ಗೋಡೆಗೆ ಒರಗಿಸಿಟ್ಟಿದ್ದ ಹಲಗೆಗಳು ಒಂದೂ ತುಂಡಲ್ಲ, ಎಲ್ಲ ಉದ್ದನೆಯವೇ ಅಂತ ನನಗೆ ಗೊತ್ತಿತ್ತು.

ಅವತ್ತಿನಿಂದ ತಾತ ನನ್ನ ಮುಖ ನೋಡುವುದನ್ನು ಬಿಟ್ಟರು. ಕಾಫಿ ಕೊಟ್ಟರೆ ಲೋಟ ನೋಡುತ್ತಿದ್ದರು, ಲೆಕ್ಕ ತೋರಿಸಿದರೆ ಸ್ಲೇಟು ನೋಡುತ್ತಿದ್ದರು. ನಾನು ಎದುರು ನಿಂತರೆ ಅವರ ಕಣ್ಣು ನನ್ನ ಕಾಲ ಬಳಿ ಇಳಿದು ಅಲ್ಲಿಂದ ಬಾಗಿಲಿಗೆ ಹೋಗಿಬಿಡುತ್ತಿತ್ತು. ಒಂದು ಭಾನುವಾರ ಹೊಟ್ಟೆನೋವೆಂದು ಸುಳ್ಳು ಹೇಳಿ ಆರಾಧನೆಗೆ ಹೋಗದೆ ಉಳಿದೆ. ಮನೆಯಲ್ಲಿ ಯಾರೂ ಇಲ್ಲ. ಹನ್ನೊಂದರ ಬಿಸಿಲು ಹೆಂಚಿನ ಸಂದಿಯಿಂದ ಕೋಲುಕೋಲಾಗಿ ಇಳಿದಿತ್ತು, ಅದರೊಳಗೆ ಮರದ ಧೂಳು ನಿಂತಲ್ಲೇ ನಿಂತಿತ್ತು. ಬೆಡ್‌ಶೀಟ್ ಸರಿಸಿ, ಮುಚ್ಚಳ ಎತ್ತಿಟ್ಟು, ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಮೆಲ್ಲಗೆ ಒಳಗೆ ಇಳಿದು ಮಲಗಿದೆ. ತಲೆಯ ಹತ್ತಿರ ಒಂದು ಬೆರಳು ಜಾಗ, ಪಾದದ ಹತ್ತಿರ ಒಂದು ಬೆರಳು. ತೋಳುಗಳಿಗೆ ಹಲಗೆ ತಾಗಿಯೂ ತಾಗದ ಹಾಗಿತ್ತು. ಯೂನಿಫಾರಂ ಹೊಲಿಯುವ ಟೈಲರ್ ಕೂಡ ಅಷ್ಟು ಸರಿಯಾಗಿ ಹೊಲಿದಿರಲಿಲ್ಲ. ಅಲ್ಲಿ ಮಲಗಿದ್ದಾಗ ಒಂದು ವಿಚಿತ್ರ ನಡೆಯಿತು. ಭಯ ಆಗಲಿಲ್ಲ, ನಿದ್ದೆ ಬರತೊಡಗಿತು. ಅದೇ ನನ್ನನ್ನು ಹೆದರಿಸಿದ್ದು.

ಯಾರಿಗೂ ಹೇಳಲಿಲ್ಲ. ನಮ್ಮ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಇಲ್ಲ. ಬುದ್ಧಿ ಬಂದು, ತಾನಾಗಿ ಕೇಳಿಕೊಂಡವರನ್ನು ಭದ್ರಾ ಹೊಳೆಯಲ್ಲಿ ಮುಳುಗಿಸುತ್ತಾರೆ. ಪಾಸ್ಟರ್ ಹತ್ತಿರ ಹೋಗಿ ನನಗೆ ಈ ವಾರವೇ ಕೊಡಿ ಅಂತ ಕೇಳಿದೆ. ಅವರು ನಕ್ಕು, ಇನ್ನೂ ಬೆಳೀಬೇಕು ಕಣಮ್ಮ ನೀನು ಅಂತ ಕೆನ್ನೆ ತಟ್ಟಿ ಕಳಿಸಿದರು. ಬೆಳೆಯಬೇಕು. ಆ ಮಾತು ಹಿಡಿದುಕೊಂಡೆ. ತಾತನ ಅಳತೆ ತಪ್ಪಾಗುವುದಿಲ್ಲ, ಆದರೆ ನಾನು ಅಳತೆ ಮೀರಬಹುದಲ್ಲ? ಬೇಡವೆಂದು ತಳ್ಳುತ್ತಿದ್ದ ರಾಗಿ ಗಂಜಿ ಎರಡೆರಡು ಲೋಟ ಕುಡಿದೆ. ಹಿತ್ತಲ ಸೀಬೆಮರದ ಕೊಂಬೆ ಹಿಡಿದು ಕೈ ಬೊಬ್ಬೆ ಬರುವ ತನಕ ನೇತಾಡಿದೆ. ರಾತ್ರಿ ಕಾಲು ಮಡಿಸಿದರೆ ಎಲ್ಲಿ ಕುಗ್ಗಿಬಿಡುತ್ತೇನೋ ಅಂತ ನೆಟ್ಟಗೆ ಮಲಗಿದೆ. ಅಜ್ಜಿಗೆ ಸಂತೋಷ, ಈ ವರ್ಷ ಹುಡುಗಿ ಚೆನ್ನಾಗಿ ಉಣ್ತಾಳೆ ಅಂತ ಗ್ರೇಸ್ ಆಂಟಿಗೆ ಹೇಳಿಕೊಂಡರು. ಮನೆ ಖಾಲಿಯಾದಾಗೆಲ್ಲ ಪಕ್ಕದ ಕೋಣೆಗೆ ಹೋಗಿ ಮಲಗಿ ನೋಡುತ್ತಿದ್ದೆ. ಮೇ ಮುಗಿಯುವಾಗ ಬೆರಳು ತೂರುತ್ತಿರಲಿಲ್ಲ. ಜೂನಿನಲ್ಲಿ ಸ್ಕೂಲು ಶುರುವಾಗುವ ಮುಂಚೆ ಅಜ್ಜಿ ನನ್ನ ಸ್ಕರ್ಟಿನ ಮಡಿಕೆ ಬಿಚ್ಚಿದರು. ಅವತ್ತು ಮಧ್ಯಾಹ್ನ ಮಲಗಿ ನೋಡಿದರೆ ನೆತ್ತಿ ಒಂದು ಕಡೆ ಒತ್ತುತ್ತಿತ್ತು, ಹೆಬ್ಬೆರಳು ಇನ್ನೊಂದು ಕಡೆ. ಮೊಣಕಾಲು ಎತ್ತದೆ ಹಿಡಿಸಲು ಆಗಲೇ ಇಲ್ಲ. ಎದ್ದು ಹೊರಗೆ ಓಡಿ ಹಿತ್ತಲಲ್ಲಿ ಒಬ್ಬಳೇ ಕುಣಿದೆ. ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯ ದಿನವೂ ಆಗಿಲ್ಲ.

ಮುಂದಿನ ಮಂಗಳವಾರ ಆಸ್ಪತ್ರೆಗೆ ಹೋದವರು ಬಸ್ಸಿನಲ್ಲಿ ವಾಪಸ್ ಬರಲಿಲ್ಲ, ಒಂದು ವ್ಯಾನಿನಲ್ಲಿ ಬಂದರು. ನಾನು ಸ್ಕೂಲಿಂದ ಆಗತಾನೇ ಬಂದು ಶೂ ಬಿಚ್ಚುತ್ತಿದ್ದೆ. ಗೇಟಿನ ಹತ್ತಿರ ಒಬ್ಬ ಮನುಷ್ಯ ನಿಂತಿದ್ದ, ಕೈಯಲ್ಲಿ ಮಕ್ಕಳ ಸ್ಟೀಲ್ ಲೋಟ. ಅದರಲ್ಲಿ ತಳಕ್ಕೆ ಸ್ವಲ್ಪ ಗಂಜಿ ಇನ್ನೂ ಇತ್ತು, ಚೆಲ್ಲದ ಹಾಗೆ ಹಿಡಿದುಕೊಂಡಿದ್ದ. ಕಾಗದನಗರದ ಕಡೆ ಲೋಡಿಂಗ್ ಕೆಲಸ ಮಾಡುವ ಮುರುಗೇಶ ಅಂತ, ಹೆಂಡತಿ ಮೊದಲೇ ಇಲ್ಲ, ಮಗಳು ಮೂರು ತಿಂಗಳಿಂದ ವಾರ್ಡಿನಲ್ಲಿದ್ದಳು, ಬೆಳಿಗ್ಗೆ ಹೋದಳು ಅಂತ ಅಜ್ಜಿ ಪಕ್ಕದ ಮನೆಯವರಿಗೆ ಹೇಳಿದರು. ತಾತ ಯಾರ ಸಹಾಯವನ್ನೂ ಕೇಳದೆ ಚಿಕ್ಕ ಪೆಟ್ಟಿಗೆಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದರು. ದಿಂಬು ಕೊಡಮ್ಮ ಅಂದರು ಅಜ್ಜಿ. ಕೊಡುವಾಗ ವ್ಯಾನಿನೊಳಗೆ ಕಂಡಿದ್ದು ನನಗೆ ಅವಳ ತಲೆ ಮಾತ್ರ. ಆಗತಾನೇ ಎಣ್ಣೆ ಹಚ್ಚಿ ಬಾಚಿದ ಕೂದಲು, ಬೈತಲೆ ನೂಲು ಹಿಡಿದ ಹಾಗೆ ನೇರ. ಅದು ಅಜ್ಜಿಯ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಬೆಳಿಗ್ಗೆ ನನಗೂ ಹಾಗೇ ತೆಗೆದಿದ್ದರು.

ನಾನು ಎದ್ದು ಹೋದ ಜಾಗಕ್ಕೆ ಅವಳನ್ನು ಮಲಗಿಸಿದರು. ಒಂಬತ್ತು ವರ್ಷದವಳ ತಲೆಗೆ ಬೇರೆ ಏನೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ಬೆಳೆದ ಮೇಲೂ ಪೂರ್ತಿ ಬೇರೆ ಹೊಳೆಯಲಿಲ್ಲ. ಕಾನ್ವೆಂಟಿನಲ್ಲಿ ಬೆಳಗಿನ ಅಸೆಂಬ್ಲಿಗೆ ನಮ್ಮನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು. ಆ ಜೂನಿನಿಂದ ನನ್ನ ಮುಂದೆ ಒಂದು ಹುಡುಗಿ ನಿಲ್ಲುವಷ್ಟು ಜಾಗ ಬಿಟ್ಟೇ ನಾನು ನಿಲ್ಲುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ, ಕಾಲು ಮುಂದೆ ಹೋಗುತ್ತಿರಲಿಲ್ಲ. ಸಿಸ್ಟರ್ ಬಂದು ಭುಜ ಹಿಡಿದು ಮುಂದೆ ತಳ್ಳಿದರೆ, ಯಾರದೋ ಮೇಲೆ ಬಿದ್ದ ಹಾಗೆ ಮೈ ಜುಮ್ಮೆನ್ನುತ್ತಿತ್ತು. ಕೆಲವು ದಿನ ಕೊಬ್ಬರಿ ಎಣ್ಣೆಯ ವಾಸನೆ ಕೂಡ ಬರುತ್ತಿತ್ತು. ನನ್ನದೇ ತಲೆಯದಿರಬಹುದು.

ಮುರುಗೇಶಣ್ಣ ಮಣ್ಣು ಮಾಡಿ ಹೋದವನು ಒಂದು ತಿಂಗಳ ಮೇಲೆ ಭಾನುವಾರ ಮಧ್ಯಾಹ್ನ ನಮ್ಮ ಗೇಟಿಗೆ ಬಂದ. ಹಲಗೆ ಹಿಡ್ಕೋತೀನಿ ಅಂದ, ಅಷ್ಟೇ. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವನು ಸಭೆ ಸೇರಲಿಲ್ಲ, ಸೇರು ಅಂತ ಯಾರೂ ಅನ್ನಲೂ ಇಲ್ಲ. ಹಣೆಯ ವಿಭೂತಿಯ ಜೊತೆಗೇ ಬಂದು ತಾತನ ಎದುರು ಕೂತು ಗರಗಸ ಎಳೆದ, ಪೆಟ್ಟಿಗೆ ಹೊತ್ತ, ಗುಂಡಿ ತೋಡಿದ. ಇಬ್ಬರೂ ಮಾತಾಡಿದ್ದು ಕಡಿಮೆ. ನಾನು ಮಾತ್ರ ಅವನು ಬಂದ ದಿನ ಪಕ್ಕದ ಕೋಣೆಗೆ ಕಾಲಿಡುತ್ತಿರಲಿಲ್ಲ. ಟೀ ಲೋಟವನ್ನು ಹೊಸ್ತಿಲ ಮೇಲಿಟ್ಟು ಬಂದುಬಿಡುತ್ತಿದ್ದೆ.

ಏಳು ವರ್ಷದ ಮೇಲೆ ತಾತ ತೀರಿಕೊಂಡರು. ಅವರ ಪೆಟ್ಟಿಗೆ ಮಾಡಲು ಮುರುಗೇಶಣ್ಣನೇ ನಿಂತ. ಅವನಿಗೆ ತಾತನ ಕಣ್ಣಿಲ್ಲ, ದಾರ ಹಿಡಿದು ಅಳೆಯಬೇಕು. ಹಜಾರದಲ್ಲಿ ತಾತನನ್ನು ಮಲಗಿಸಿದ್ದರು, ಹೆಂಗಸರೆಲ್ಲ ಒಳಗಿದ್ದರು. ಪಾಪಾ, ಆ ತುದಿ ಸ್ವಲ್ಪ ಹಿಡ್ಕೋ ಅಂದ ನನಗೆ. ತಾತನ ತಲೆಯ ಹತ್ತಿರ ದಾರ ಹಿಡಿದು ಕೂತೆ. ಆ ದಾರ ಬಿಗಿಯಾದ ಕೂಡಲೇ ಏಳು ವರ್ಷದ್ದೆಲ್ಲ ನನ್ನ ಬಾಯಿಂದ ಬಂದುಬಿಟ್ಟಿತು. ಆ ಪೆಟ್ಟಿಗೆಯಲ್ಲಿ ಮಲಗಿದ್ದು, ಸರಿಯಾಗಿ ಹಿಡಿಸಿದ್ದು, ಬೇಕೆಂದೇ ಬೆಳೆದದ್ದು, ಕುಣಿದದ್ದು. ಅದು ನನ್ನದಾಗಿತ್ತು ಅಣ್ಣಾ, ತಾತ ನನಗೆ ಮಾಡಿದ್ದು ಅಂದೆ.

ಅವನು ಕಾಲ ಹತ್ತಿರ ದಾರ ಹಿಡಿದುಕೊಂಡೇ ಇದ್ದ. "ಇಲ್ಲಮ್ಮ, ಅವಳಿಗೇ ಮಾಡಿದ್ದು," ಅಂದ. "ವಾರ್ಡಲ್ಲಿ ಒಂದೇ ಸಲ ನೋಡಿದ್ರಂತೆ. ಮನೆಗೆ ಬಂದ್ರೆ ಕೈ ತಾನೇ ಕೆಲಸ ಮಾಡ್ಬಿಡ್ತಂತೆ. ಮುಗಿದ ಮೇಲೆ ಅವರಿಗೇ ಹೆದರಿಕೆ ಆಗಿ, ಯಾವ ಮಕ್ಕಳನ್ನೂ ಕಣ್ಣೆತ್ತಿ ನೋಡೋದು ಬಿಟ್ರು. ಮಂಗಳವಾರ ಕ್ಯಾನ್ ಹಿಡ್ಕೊಂಡು ವಾರ್ಡಿನ ಬಾಗಿಲಲ್ಲೇ ನಿಂತಿರೋರು, ಒಳಗೆ ಬರ್ತಾನೇ ಇರ್ಲಿಲ್ಲ. ನಾನು ಮೊದಲನೇ ಭಾನುವಾರ ಬಂದೆನಲ್ಲ, ಅವತ್ತು ಎಲ್ಲ ಹೇಳಿ ನನ್ನ ಕೈ ಹಿಡ್ಕೊಂಡ್ರು."

ಅವನು ದಾರಕ್ಕೆ ಗಂಟು ಹಾಕಿದ.

"ಆದ್ರೆ ಅದು ಅವಳಿಗೆ ಎರಡಿಂಚು ಉದ್ದ ಆಗಿತ್ತು," ಅಂದ. "ಯಾಕೆ ಮೇಸ್ತ್ರಿ, ನಿಮ್ಮ ಅಳತೆ ತಪ್ಪಲ್ವಲ್ಲ ಅಂತ ಕೇಳ್ದೆ. ಗಂಜಿ ಕುಡೀತಾ ಇದ್ಲಲ್ಲಪ್ಪ, ಬೆಳೀತಾಳೆ ಅಂದ್ಕೊಂಡೆ ಅಂದ್ರು."

ಇಬ್ಬರೂ ತಾತನ ಎರಡು ತುದಿಗೆ ಕೂತಿದ್ದೆವು. ಆಮೇಲೆ, ಅಲ್ಲಿಯ ತನಕ ಕೇಳದೇ ಇದ್ದದ್ದನ್ನು ಕೇಳಿದೆ, ಅವಳ ಹೆಸರೇನು ಅಣ್ಣಾ ಅಂತ. ಸೆಲ್ವಿ ಅಂದ.

ಈಗ ಅಜ್ಜಿಯೂ ಇಲ್ಲ, ಗ್ರೇಸ್ ಆಂಟಿಯೂ ಇಲ್ಲ. ಜನ್ನಾಪುರದ ಆ ಮನೆಯ ಜಾಗದಲ್ಲಿ ಎರಡಂತಸ್ತಿನ ಕಟ್ಟಡ ಎದ್ದಿದೆ, ಪಕ್ಕದ ಕೋಣೆ ಇದ್ದ ಕಡೆ ಮೊಬೈಲ್ ರಿಪೇರಿ ಅಂಗಡಿ. ಸಭೆಯ ಮಂದಿರಕ್ಕೆ ಕಾಂಕ್ರೀಟ್ ಛಾವಣಿ ಬಂದಿದೆ, ಮಂಗಳವಾರದ ಗಂಜಿ ಈಗಲೂ ನಿಂತಿಲ್ಲ. ಹೋದ ವರ್ಷ ನಾನೂ ಒಂದು ದಿನ ಅವರ ಜೊತೆ ಶಿವಮೊಗ್ಗದ ವಾರ್ಡಿಗೆ ಹೋಗಿದ್ದೆ. ಲೋಟ ತುಂಬಿ ತುಂಬಿ ಕೊಡುತ್ತಾ, ಆಚೆ ಮಂಚದ ಹತ್ತಿರ ರೋಗಿಯನ್ನು ನೋಡಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದನ್ನು ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ. ಸೆಲ್ವಿಗೂ ಈಗ ಅಷ್ಟೇ ವಯಸ್ಸಾಗಿರುತ್ತಿತ್ತು, ನನ್ನ ಹಾಗೆ ಅವಳ ಬೈತಲೆಯೂ ನರೆತಿರುತ್ತಿತ್ತು. ಪಕ್ಕಪಕ್ಕ ನಿಂತರೆ ಇಬ್ಬರಲ್ಲಿ ಯಾರು ಉದ್ದ ಇರುತ್ತಿದ್ದೆವೋ.