ಗೋಣಿದಾರದ ಜಡೆ

ಇವತ್ತು ಸಂಜೆ ಅವಳಪ್ಪನ ಜೀಪಿನಿಂದಿಳಿದು ಬಂದ ಮಗಳು ಇಂಚರಳ ತಲೆಯಿಂದ ಕಾಫಿ ಗೋಣಿಯ ವಾಸನೆ ಬಂತು. ಆ ವಾಸನೆಗೆ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು ಬಂತು.

ನಮ್ಮ ವಿಚ್ಛೇದನದ ಕೇಸು ನಡೆಯುತ್ತಿದ್ದ ಕಾಲ. ಶಾಲೆಯ ದಿನಗಳಲ್ಲಿ ಹುಡುಗಿ ನನ್ನ ಜೊತೆ ಆಲ್ದೂರಿನಲ್ಲಿ, ಶನಿವಾರ ಭಾನುವಾರ ಗೋಣಿಬೀಡಿನ ತೋಟದಲ್ಲಿ ಅವಳಪ್ಪನ ಜೊತೆ. ನನಗೆ ಆ ಎರಡು ದಿನವೂ ಬೇಕಿತ್ತು. ಬಾಚಣಿಗೆ ಹಿಡಿಯಲು ಬಾರದ ಮನುಷ್ಯ, ಹೆಣ್ಣುಮಗುವನ್ನು ಎಷ್ಟು ದಿನ ಸಂಭಾಳಿಸಿಯಾನು ಎಂದು ನಿಶ್ಚಿಂತೆಯಾಗಿದ್ದೆ.

ಒಂದು ಭಾನುವಾರ ನೋಡಿದರೆ, ಹುಡುಗಿ ಎರಡು ಜಡೆ ಹಾಕಿಸಿಕೊಂಡು ಬಂದಿದ್ದಾಳೆ. ತುದಿಗೆ ರಿಬ್ಬನ್ ಇಲ್ಲ, ಕಾಫಿ ಮೂಟೆಯ ಬಾಯಿ ಕಟ್ಟುವ ಗೋಣಿದಾರ. ಗಂಟೂ ಮೂಟೆಯದ್ದೇ.

"ಇದೇನು ಮಾರಾಯ್ತಿ, ನಿನ್ನನ್ನೂ ಕಾಫಿ ಮಂಡಿಗೆ ಮಾರಾಟಕ್ಕೆ ಕಳಿಸ್ತಾರಾ?" ಎಂದೆ.

"ಅಪ್ಪ ಕಿಟಕಿ ಸರಳಿಗೆ ದಾರ ಕಟ್ಟಿ ಪ್ರಾಕ್ಟೀಸ್ ಮಾಡಿದ್ರು. ನಾನೇ ಹೇಳ್ಕೊಟ್ಟೆ."

ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದಿದ್ದವನು ಈಗ ದಾರ ಹೆಣೆದು ಕಲಿಯುತ್ತಾನೆ! ಅಂದಿನಿಂದ ಅವಳು ಚಪ್ಪಲಿ ಬಿಡುವುದರೊಳಗೆ ಆ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ನನ್ನ ಜಡೆ ಹಾಕುತ್ತಿದ್ದೆ. ಗಂಟು ಬಿಡದಿದ್ದರೆ ಕತ್ತರಿ.

ಆಮೇಲೆ ಎರಡೂ ಮನೆ ನೋಡಲು ಕೋರ್ಟಿನಿಂದ ಕೌನ್ಸೆಲರ್ ಮೇಡಂ ಬಂದರು. ಮಗು ಯಾರ ಬಳಿ ಎಷ್ಟು ದಿನ ಎಂಬುದು ಅವರ ಅಭಿಪ್ರಾಯದ ಮೇಲೆ ನಿಂತಿತ್ತು. ನಾನು ಪರದೆ ಒಗೆದು, ನೀರುದೋಸೆ ಹೊಯ್ದು ಕಾದೆ. ಅವರು ದೋಸೆ ತಿಂದು, ಚಟ್ನಿ ಹೊಗಳಿ, ಮಗುವನ್ನೇ ಕೇಳಿದರು: "ಏನು ಬದಲಾದ್ರೆ ನಿಂಗೆ ಖುಷಿ ಪುಟ್ಟಾ?"

ಭಾನುವಾರ ಬೇಡ ಅನ್ನು, ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾನು ಬಂದ ಕೂಡ್ಲೆ ಅಮ್ಮ ಜಡೆ ಬಿಚ್ತಾಳೆ. ಬಿಚ್ಚಬಾರ್ದು. ನೋಯ್ತದೆ."

ನನ್ನ ಮುಖ ಎಲ್ಲಿಡಲಿ ಹೇಳಿ. ಏರ್ಪಾಟು ಇದ್ದ ಹಾಗೇ ಕಾಯಂ ಆಯಿತು. ಅಂದಿನಿಂದ ಭಾನುವಾರ ಮುಟ್ಟುವುದಿಲ್ಲ. ಸೋಮವಾರ ಅವಳು ಹಾಸಿಗೆಯಿಂದ ಏಳುತ್ತಲೇ ಬಿಚ್ಚುತ್ತೇನೆ.

ಇವತ್ತು ಊಟವಾದ ಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಎಲ್ಲಾದರೂ ಸಡಿಲಾಗಿದೆಯೇ ಎಂದು ಎರಡೂ ಜಡೆಯುದ್ದಕ್ಕೂ ಬೆರಳಾಡಿಸಿದೆ. ಎಲ್ಲೂ ಇಲ್ಲ. ನಾನು ಹಾಕಿದ್ದು ಒಮ್ಮೆ ಮಗ್ಗುಲು ಬದಲಿಸಿದರೆ ಕೆದರಿಹೋಗುತ್ತದೆ. ಇರಲಿ, ನಾಳೆ ಶಾಲೆಗೆ ಹೀಗೇ ಹೋಗಲಿ. ದಾರ ಬಿಚ್ಚಲಿಲ್ಲ. ಅದರ ಮೇಲೆ ನನ್ನದೊಂದೊಂದು ಕೆಂಪು ರಿಬ್ಬನ್ ಕಟ್ಟಿದೆ, ಗಂಟು ಕಾಣದ ಹಾಗೆ.