ಪ್ಲೇನೋದಲ್ಲಿ ಮುಗಿದ ಪರೀಕ್ಷೆ

ಮೈಸೂರಿನ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ವಾದಿಸುತ್ತಿದ್ದ ನನಗೆ ಅಮೆರಿಕದ ಪ್ಲೇನೋದಲ್ಲಿ ವಾದಿಸಲು ಸಿಕ್ಕಿದ್ದು ಗಂಡ ಒಬ್ಬನೇ. ಗಂಡನ ಹಿಂದೆ ಡಿಪೆಂಡೆಂಟ್ ವೀಸಾದಲ್ಲಿ ಬಂದವಳು ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ಪೋಲೆಂಡಿನ ಅಜ್ಜ ಕಾನೂನಿನ ಮಾತೆತ್ತಿದ ದಿನ ನನಗೆ ಹಬ್ಬ.

ಎರಡನೇ ಮಹಾಯುದ್ಧದಲ್ಲಿ ಅವರ ತುಕಡಿ ಜರ್ಮನ್ನರಿಂದ ತಪ್ಪಿಸಿಕೊಂಡು ಫ್ರಾನ್ಸಿನಿಂದ ಸ್ವಿಟ್ಜರ್ಲೆಂಡಿಗೆ ದಾಟಿತ್ತು. ಆ ತಟಸ್ಥ ದೇಶ ಬಂದೂಕು ಕಿತ್ತುಕೊಂಡು ಅವರನ್ನು ಶಿಬಿರದಲ್ಲಿ ಕೂಡಿಹಾಕಿತು. ಮೊದಲು ರಸ್ತೆ ಅಗೆಸಿದರು. ಆಮೇಲೆ ಓದುವ ಆಸೆಯಿದ್ದವರಿಗೆ ಪ್ರೊಫೆಸರುಗಳನ್ನು ಕರೆಸಿ ಕಾನೂನು ಪಾಠ ಮಾಡಿಸಿದರು. ಕ್ಯಾಪ್ಟನ್ನೂ ಸಿಪಾಯಿಯೂ ಒಂದೇ ಬೆಂಚು. ಕ್ಯಾಪ್ಟನ್ನೇ ಸಿಪಾಯಿಯಿಂದ ಕಾಪಿ ಹೊಡೆಯುತ್ತಿದ್ದರಂತೆ! ಅಜ್ಜನಿಗೆ ಕರಾರು ಕಾನೂನಿನ ಮೌಖಿಕ ಪರೀಕ್ಷೆಯೊಂದು ಬಾಕಿ ಇರುವಾಗ ಯುದ್ಧ ಮುಗಿದು ಶಿಬಿರ ಮುಚ್ಚಿತು. ಪದವಿ ಸಿಗಲಿಲ್ಲ. ಟೆಕ್ಸಸ್‌ಗೆ ಬಂದು ಜೀವಮಾನವಿಡೀ ಕಟ್ಟಡಗಳ ನಕ್ಷೆ ಬರೆದರು.

"ನೀವು ಲಾಯರ್ ಅಲ್ವಾ? ಆ ಪರೀಕ್ಷೆ ನೀವೇ ಮಾಡಿಬಿಡಿ. ಆದ್ರೆ ಮುದುಕ ಅಂತ ಕನಿಕರದಿಂದ ಪಾಸ್ ಮಾಡ್ಬೇಡಿ," ಎಂದರು.

ಮರುದಿನ ಟೈ ಕಟ್ಟಿಕೊಂಡು ಕಾದಿದ್ದರು. ಕೂರಿ ಎಂದರೂ ಕೂರಲಿಲ್ಲ. ನಾನೂ ಗತ್ತಿನಿಂದಲೇ ಕೇಳಿದೆ: ಒಬ್ಬ ತನ್ನ ಕುದುರೆಯನ್ನು ಪರಿಚಯದವನಿಗೆ ಸುಮ್ಮನೆ ಕೊಡುತ್ತೇನೆಂದು ಬರೆದುಕೊಟ್ಟ. ಬದಲಿಗೆ ಏನೂ ಪಡೆಯಲಿಲ್ಲ. ಕೊಡಲೇಬೇಕೇ?

"ಕೊಡಲೇಬೇಕು. ಬರ್ದು ಕೊಟ್ಟಿದಾನಲ್ಲ."

"ಫೇಲ್," ಎಂದೆ. ಪ್ರತಿಫಲವಿಲ್ಲದ ಕರಾರು ನಿಲ್ಲುವುದಿಲ್ಲ ಎನ್ನುವುದು ನಮ್ಮ ಲಾ ಕಾಲೇಜಿನ ಮೊದಮೊದಲ ಪಾಠ. ಅವರು ಟೈ ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡರು.

"ಎಂಬತ್ತು ದಾಟಿದ ಅಜ್ಜನ್ನ ಫೇಲ್ ಮಾಡಿ ಬಂದ್ಯೇನೇ?" ಎಂದು ಗಂಡ ಬಿದ್ದುಬಿದ್ದು ನಕ್ಕ. ನನಗೆ ನಗು ಬರಲಿಲ್ಲ; ಅವರು ಓದಿದ್ದು ಬೇರೆ ದೇಶದ ಕಾನೂನಲ್ಲವೇ ಎಂಬ ಅನುಮಾನ ಹೊಕ್ಕಿತ್ತು. ಆ ಶನಿವಾರ ಆಸ್ಟಿನ್‌ನ ಸ್ನೇಹಿತರ ಮನೆಗೆ ಡ್ರೈವ್ ಮಾಡಿಕೊಂಡು ಹೋದಾಗ, ಅವನನ್ನು ಬಿಸಿಬೇಳೆಬಾತಿನ ಮುಂದೆ ಬಿಟ್ಟು ಅಲ್ಲಿನ ವಿಶ್ವವಿದ್ಯಾಲಯದ ಕಾನೂನು ಲೈಬ್ರರಿಗೆ ನುಗ್ಗಿದೆ. ಸ್ವಿಸ್ ಕಾನೂನಿನಲ್ಲಿ, ದಾನ ಕೊಡುತ್ತೇನೆಂದು ಬರೆದುಕೊಟ್ಟರೆ ಸಾಕು, ಪ್ರತಿಫಲ ಬೇಕಿಲ್ಲ. ಅಜ್ಜ ತಾವು ಓದಿದ ಕಾನೂನನ್ನೇ ಹೇಳಿದ್ದರು. ನಾನು ನಮ್ಮೂರಿನ ಕಾನೂನು ನೋಡಿ ಮಾರ್ಕ್ಸ್ ಕಳೆದಿದ್ದೆ.

ಸೋಮವಾರ ಬೆಳಗ್ಗೆಯೇ ಅವರ ಬಾಗಿಲು ತಟ್ಟಿದೆ. "ನೀವು ಪಾಸ್. ತಪ್ಪಿದ್ದು ಪರೀಕ್ಷಕಿ."

"ಕನಿಕರವಾ?"

ಜೆರಾಕ್ಸ್ ಮಾಡಿಸಿ ತಂದಿದ್ದ ಪುಟವನ್ನು ಕೈಗಿಟ್ಟೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಅಡುಗೆಮನೆಯಲ್ಲಿದ್ದ ಮಗಳನ್ನು ಕೂಗಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆಮೇಲೆ ಎರಡೂ ಕೈ ಪ್ಯಾಂಟಿನ ಹೊಲಿಗೆಗೆ ಒತ್ತಿ, ಸಿಪಾಯಿಯ ಹಾಗೆ ನೆಟ್ಟಗೆ ನಿಂತರು.

"ಈಗ ಇನ್ನೊಂದ್ಸಲ ಹೇಳಿ, ಮೇಡಂ."

ನನಗೆ ಅಳು ಬಂದಿತ್ತು. ಆದರೂ ಜೋರಾಗಿಯೇ ಹೇಳಿದೆ.