ಅವಳು ಕಲಿಸಿದ ಎಣ್ಣೆ ಕೆಲಸ

ನಮ್ಮ ಕಾರಿನ ಇಂಜಿನ್ ಎಣ್ಣೆ ಬದಲಿಸುವುದು ನನ್ನ ಹೆಂಡತಿಯ ಕೆಲಸವಾಗಿತ್ತು. ಸುರಪುರದ ಲಾರಿ ಡ್ರೈವರನ ಮಗಳು ಅವಳು. ಗೊಂಬೆಗಿಂತ ಮೊದಲು ಬೋಲ್ಟು ತಿರುಗಿಸುವ ಪಾನಾ ಹಿಡಿದವಳು. ನಾನು ಕಾಲುವೆ ಕಚೇರಿಯ ಗುಮಾಸ್ತ, ಪೆನ್ನಿಗೆ ಮಸಿ ತುಂಬಿಸಿದರೂ ಅಂಗಿ ಕೆಡಿಸಿಕೊಳ್ಳುವವನು.

ಶಹಾಪುರದ ಮನೆಯಿಂದ ಅವಳು ವನದುರ್ಗದ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಳು. ಬಸ್ಸು ಹೊತ್ತಿಗೆ ಬರುತ್ತಿರಲಿಲ್ಲವೆಂದು ಹಳೆಯದೊಂದು ಕಾರು ಕೊಂಡಿದ್ದೆವು. ಕಾಲುವೆ ದಂಡೆಯ ಧೂಳಿಗೆ ಎಣ್ಣೆ ಬೇಗ ಕೆಡುತ್ತದೆಂಬುದು ಅವಳ ವಾದ. ಯಾವುದಾದರೊಂದು ರವಿವಾರ ಅಂಗಳದಲ್ಲಿ ಫರ್ಸಿ ಕಲ್ಲುಗಳನ್ನು ಪೇರಿಸಿ, ಮುಂದಿನ ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿ, ಸೀರೆಯ ಮೇಲೆ ನನ್ನ ಹಳೆಯ ಅಂಗಿ ತೊಟ್ಟು ಕೆಳಗೆ ನುಸುಳುತ್ತಿದ್ದಳು. ಓಣಿಯವರು ನನ್ನನ್ನು ನೋಡಿ ನಗುತ್ತಿದ್ದರು. ನನಗೆ ಮಾತ್ರ ಹೆಮ್ಮೆ.

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಕಲಬುರಗಿಯ ಡಾಕ್ಟರು ಆಪರೇಷನ್ನಿಗೆ ಸೋಮವಾರ ಬರಲು ಹೇಳಿದರು. ಹಿಂದಿನ ದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

“ಎಣ್ಣಿ ಬದಲಿ ಮಾಡೋದದ. ಹೊಸ ಫಿಲ್ಟರ್ ತರಿಸಿಟ್ಟೀನಿ.”

“ಈಗ್ಯಾಕ ಅದು? ಗ್ಯಾರೇಜಿಗೆ ಕೊಡ್ತೀನಿ. ನೀ ಒಳಗ ಹೋಗಿ ಮಲ್ಕೋ.”

“ಗ್ಯಾರೇಜ್ ಬ್ಯಾಡ. ನಾ ಕುಂತು ಹೇಳ್ತೀನಿ, ನೀವು ಮಾಡ್ರಿ.”

ಅವಳು ಹೇಳಿದಂತೆ ಇಂಜಿನ್ನನ್ನು ತುಸು ಬಿಸಿ ಮಾಡಿದೆ. ತಣ್ಣಗಿದ್ದರೆ ಎಣ್ಣೆ ಪೂರಾ ಇಳಿಯುವುದಿಲ್ಲವಂತೆ. ಕಾರಿನ ಕೆಳಗೆ ಅಂಗಾತ ಮಲಗಿ, ಕಬ್ಬಿಣದ ಬುಟ್ಟಿಯನ್ನಿಟ್ಟು, ತಳದ ಬೋಲ್ಟನ್ನು ತಿರುಗಿಸಿದೆ. ಕರಿ ಎಣ್ಣೆ ಬುಳಕ್ಕನೆ ಬಂದು ಬುಟ್ಟಿ ಬಿಟ್ಟು ನನ್ನ ತೋಳಿನ ಮೇಲೆ ಸುರಿಯಿತು. ನಾನು ಕೂಗಿಕೊಂಡೆ. ಅವಳು ನಕ್ಕಳು, ನಕ್ಕರೆ ನೋವಾಗುತ್ತಿತ್ತು, ಆದರೂ ನಕ್ಕಳು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವಳ ಪಾದಗಳು ಮಾತ್ರ. ಅವು ಬಾತುಕೊಂಡು ಕಾಲುಂಗುರಗಳು ಬಿಗಿದಿದ್ದವು.

“ಹಳಿ ಫಿಲ್ಟರ್ ಬಿಚ್ಚಿದ್ರಿ? ಹೊಸಾದರ ರಬ್ಬರಿಗೆ ಬೆರಳಿಂದ ಎಣ್ಣಿ ಸವರ್ರಿ. ಕೈಲೆ ತಿರುವ್ರಿ, ಪಾನಾ ಹಚ್ಚಬ್ಯಾಡ್ರಿ.”

ಸವರಿದೆ, ತಿರುವಿದೆ. ಬೋಲ್ಟನ್ನೂ ಬಿಗಿ ಮಾಡಿದೆ.

“ಆತು,” ಎಂದೆ.

ಅವಳು ಮೆಲ್ಲಗೆ, “ಇನ್ನ ನಿಮಗ ಬರ್ತದ,” ಎಂದಳು.

ಗ್ಯಾರೇಜ್ ಯಾಕೆ ಬೇಡವೆಂದಳೆಂಬುದು ನನಗೆ ಆಗ ತಿಳಿಯಿತು. ಕಾರಿನ ಕೆಳಗಿನಿಂದ ಹೊರಬರಲು ಆಗಲಿಲ್ಲ. ಎಣ್ಣೆಯ ಕೈ, ಕಣ್ಣು ಒರೆಸಿಕೊಳ್ಳುವಂತೆಯೂ ಇರಲಿಲ್ಲ.

“ಏನ್ ಮಾಡಾಕತ್ತೀರಿ ಅಲ್ಲಿ? ಹೊರಗ ಬರ್ರಿ, ಹೊಸ ಎಣ್ಣಿ ಹಾಕೋದದ,” ಎಂದು ಅವಳೇ ಕರೆದಳು. ನನ್ನ ಮುಖ ನೋಡಿದಳು. ಸೆರಗಿನ ತುದಿಯಿಂದ ಒರೆಸಿದಳು.

ಮರುದಿನ ಭೀಮಾ ನದಿಯ ಸೇತುವೆ ದಾಟುವಾಗ ಇಂಜಿನ್ನಿಗೆ ಕಿವಿಗೊಟ್ಟು, “ಸದ್ದು ಛಲೋ ಅದ,” ಎಂದಳು. ಆಪರೇಷನ್ ಆದ ಮೇಲೆ ಅವಳು ಕಣ್ಣು ತೆರೆಯಲೇ ಇಲ್ಲ.

ಅವಳನ್ನು ಆಂಬುಲೆನ್ಸಿನಲ್ಲಿ ತಂದರು. ಒಳಗೆ ಅವಳ ತಂದೆ ಜೊತೆಗೆ ಕೂತರು; ಕಣ್ಣು ಮಂಜಾಗಿ ಅವರು ಗಾಡಿ ಓಡಿಸುವುದು ಬಿಟ್ಟು ವರ್ಷಗಳಾಗಿದ್ದವು. ಕಾರನ್ನು ಯಾರಾದರೂ ತರಲೇಬೇಕಿತ್ತು. ಆಂಬುಲೆನ್ಸಿನ ಹಿಂದೆ ಅದನ್ನು ಓಡಿಸಿಕೊಂಡು ನಾನು ಒಬ್ಬನೇ ಬಂದೆ. ಓಣಿಯ ತುಂಬ ಜನ ಸೇರಿದ್ದರು. ಕಾರನ್ನು ಹೊರಗೇ ನಿಲ್ಲಿಸಿ, ಇಳಿಯಲಾಗದೆ ಸ್ಟೇರಿಂಗ್ ಹಿಡಿದು ಕೂತುಬಿಟ್ಟೆ. ಕೊನೆಗೆ ಪಕ್ಕದ ಮನೆಯ ಅಮ್ಮ ಬಂದು ಬಾಗಿಲು ತೆಗೆದು, “ಬಾರಪ್ಪಾ, ಅಕಿ ಮನಿಗೆ ಬಂದಾಳ,” ಎಂದು ಕೈ ಹಿಡಿದು ಇಳಿಸಿದರು.